ಚರ್ಮವು ನುಡಿಯುವ ಸಾಕ್ಷ್ಯ

ಕಾದ ಕಾವಲಿಯ ಮೇಲೆ ಹೊಯ್ದ ದೋಸೆಯು ಮೊದಲು ಬೆಳ್ಳಗಿದ್ದು, ಬೇಯುತ್ತ ಬೇಯುತ್ತ ಹೊಂಬಣ್ಣಕ್ಕೆ ತಿರುಗುತ್ತದೆ. ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ಕಂದಾಗಿ ಗರಿಗರಿಯಾಗುತ್ತದೆ. ಹಾಲನ್ನು ಸಣ್ಣ ಉರಿಯಲ್ಲಿ ಬಹಳ ಹೊತ್ತು ಬತ್ತಿಸಿದರೆ ಅದರ ಬಿಳುಪು ಮಾಯವಾಗಿ ನಸುಗೆಂಪು ಬಣ್ಣ ಕಾಣಿಸಿಕೊಳ್ಳುತ್ತದೆ. ಹಸಿರಾಗಿದ್ದ ಕಾಫಿಬೀಜವು ಹುರಿದಾಗ ಕಂದುಬಣ್ಣವನ್ನೂ ಪರಿಮಳವನ್ನೂ ಪಡೆಯುತ್ತದೆ. ನೋಡುವುದಕ್ಕೆ ಬೇರೆ ಬೇರೆಯಾಗಿರುವ ಈ ಬದಲಾವಣೆಗಳ ಹಿಂದೆ ಒಂದೇ ಬಗೆಯ ರಾಸಾಯನಿಕ ಕ್ರಿಯೆ ಅಡಗಿದೆ. ಅಡುಗೆಮನೆಯಲ್ಲಿ ಕೆಲವೇ ನಿಮಿಷಗಳಲ್ಲಿ ನಡೆದುಹೋಗುವ ಈ ಕ್ರಿಯೆಯೇ ಮಾನವನ ಶರೀರದೊಳಗೆ ವರ್ಷಗಟ್ಟಲೆ, ಅತ್ಯಂತ ನಿಧಾನವಾಗಿ, ಯಾರಿಗೂ ಅರಿವಾಗದಂತೆ ನಡೆಯುತ್ತಿರುತ್ತದೆ. ಧೂಮಪಾನವು ಅದರ ವೇಗವನ್ನು ಹೆಚ್ಚಿಸುತ್ತದೆ. ಹೀಗೆ ಹೆಚ್ಚಿದ ವೇಗದ ಗುರುತನ್ನು ಚರ್ಮವು ಬಹುಕಾಲ ತನ್ನೊಳಗೆ ಉಳಿಸಿಕೊಂಡಿರುತ್ತದೆ.

ಈ ಕ್ರಿಯೆಯನ್ನು ಮೊದಲಿಗೆ ವಿವರಿಸಿದವನು ಲೂಯಿ ಕಮಿಲ್ ಮಯಾರ್ ಎಂಬ ಫ್ರೆಂಚ್ ವಿಜ್ಞಾನಿ. ಪ್ರೋಟೀನುಗಳ ಘಟಕಗಳಾದ ಅಮೈನೋ ಆಮ್ಲಗಳನ್ನು ಸಕ್ಕರೆಯೊಡನೆ ಸೇರಿಸಿ ಕಾಯಿಸಿದಾಗ ಕಂದುಬಣ್ಣದ ವಸ್ತುಗಳು ಉಂಟಾಗುವುದನ್ನು ಅವನು 1912ರಲ್ಲಿ ಪ್ರಕಟಿಸಿದನು. ಅವನ ಗೌರವಾರ್ಥವಾಗಿ ಈ ಕ್ರಿಯೆಗೆ ಮಯಾರ್ ಕ್ರಿಯೆ ಎಂಬ ಹೆಸರು ಬಂದಿದೆ. ಆಹಾರಶಾಸ್ತ್ರಜ್ಞರು ಇದನ್ನು ಬಹುಕಾಲ ರುಚಿ ಮತ್ತು ಬಣ್ಣಗಳ ವಿಷಯವೆಂದೇ ಭಾವಿಸಿದ್ದರು. ಇದು ಆರೋಗ್ಯದ ವಿಷಯವೂ ಹೌದೆಂಬುದು ಸ್ಪಷ್ಟವಾಗಲು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು.

1968ರಲ್ಲಿ ಇರಾನಿನ ವೈದ್ಯವಿಜ್ಞಾನಿ ಸ್ಯಾಮ್ಯುಯೆಲ್ ರಹಬಾರ್ ಮಧುಮೇಹಿಗಳ ರಕ್ತದಲ್ಲಿ ಒಂದು ವಿಶೇಷ ಬಗೆಯ ಹೀಮೊಗ್ಲೋಬಿನ್ ಇರುವುದನ್ನು ಕಂಡುಹಿಡಿದರು. ಅದು ಸಕ್ಕರೆ ಅಂಟಿಕೊಂಡ ಹೀಮೊಗ್ಲೋಬಿನ್ ಎಂಬುದು ಮುಂದೆ ತಿಳಿದುಬಂತು. ಕೆಂಪು ರಕ್ತಕಣವೊಂದರ ಆಯುಸ್ಸು ಸುಮಾರು 120 ದಿನಗಳು. ಆ ಅವಧಿಯಲ್ಲಿ ರಕ್ತದಲ್ಲಿರುವ ಗ್ಲುಕೋಸು ಹೀಮೊಗ್ಲೋಬಿನ್ನಿಗೆ ತಾನಾಗಿಯೇ ಅಂಟಿಕೊಳ್ಳುತ್ತ ಹೋಗುತ್ತದೆ. ಸಕ್ಕರೆಯ ಪ್ರಮಾಣ ಹೆಚ್ಚಿದ್ದಷ್ಟೂ ಅಂಟುವಿಕೆಯೂ ಹೆಚ್ಚು. ಕಳೆದ ಎರಡು ಮೂರು ತಿಂಗಳುಗಳಲ್ಲಿ ರಕ್ತದ ಸಕ್ಕರೆ ಹೇಗಿತ್ತೆಂಬುದನ್ನು ತಿಳಿಯಲು ವೈದ್ಯರು ಇಂದು ಮಾಡಿಸುವ ರಕ್ತಪರೀಕ್ಷೆಯು ಈ ಸಂಗತಿಯನ್ನೇ ಆಧರಿಸಿದೆ.

ರಕ್ತಕಣಗಳು ಬೇಗ ನಾಶವಾಗಿ ಅವುಗಳ ಸ್ಥಾನದಲ್ಲಿ ಹೊಸವು ಹುಟ್ಟುವುದರಿಂದ ಅವುಗಳ ಲೆಕ್ಕವು ಕೆಲವು ತಿಂಗಳುಗಳಿಗೆ ಮುಗಿದುಹೋಗುತ್ತದೆ. ಆದರೆ ದೇಹದಲ್ಲಿರುವ ಎಲ್ಲ ಪ್ರೋಟೀನುಗಳೂ ಇಷ್ಟು ಅಲ್ಪಾಯುಗಳಲ್ಲ. ಚರ್ಮ, ಮೂಳೆ, ಮೃದ್ವಸ್ಥಿ, ರಕ್ತನಾಳಗಳ ಗೋಡೆ ಇವುಗಳಿಗೆ ಬಲವನ್ನು ಕೊಡುವ ಕೊಲಾಜೆನ್ ಎಂಬ ಪ್ರೋಟೀನು ದೀರ್ಘಾಯುವಾದದ್ದು. ಚರ್ಮದ ಕೊಲಾಜೆನ್ನಿನಲ್ಲಿ ಅರ್ಧಭಾಗ ಬದಲಾಗಬೇಕಾದರೆ ಸುಮಾರು 15 ವರ್ಷಗಳು ಬೇಕೆಂದೂ, ಕೀಲುಗಳ ಮೃದ್ವಸ್ಥಿಯಲ್ಲಿ ಅದಕ್ಕೆ 100 ವರ್ಷಗಳಿಗಿಂತ ಹೆಚ್ಚು ಕಾಲ ಬೇಕೆಂದೂ ನೆದರ್ಲೆಂಡ್ಸ್ ದೇಶದ ಸಂಶೋಧಕರು 2000ದಲ್ಲಿ ಲೆಕ್ಕಹಾಕಿದ್ದಾರೆ. ಇಷ್ಟು ದೀರ್ಘಕಾಲ ಒಂದೇ ಕಡೆ ನೆಲೆನಿಂತ ಪ್ರೋಟೀನಿಗೆ ಸಕ್ಕರೆ ಅಂಟಿಕೊಂಡಾಗ ಕ್ರಿಯೆಯು ಅಲ್ಲಿಗೇ ನಿಲ್ಲುವುದಿಲ್ಲ. ಅದು ಹಂತಹಂತವಾಗಿ ಮುಂದುವರಿದು, ಮತ್ತೆ ಬಿಡಿಸಲಾಗದಂಥ ಸಂಯುಕ್ತಗಳಲ್ಲಿ ಕೊನೆಗೊಳ್ಳುತ್ತದೆ. ವಿಜ್ಞಾನಿಗಳು ಇವುಗಳ ಉದ್ದವಾದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಎ.ಜಿ.ಇ. ಎಂದು ಕರೆಯುತ್ತಾರೆ. ಸಕ್ಕರೆಯು ಪ್ರೋಟೀನಿಗೆ ಅಂಟಿ ಮುಂದುವರಿದ ಕ್ರಿಯೆಯ ಅಂತಿಮ ಫಲಗಳು ಎಂಬುದೇ ಇದರ ಅರ್ಥ.

ಎ.ಜಿ.ಇ. ವಸ್ತುಗಳಲ್ಲಿ ಕೆಲವು ಅಕ್ಕಪಕ್ಕದ ಕೊಲಾಜೆನ್ ಎಳೆಗಳ ನಡುವೆ ಗಂಟುಗಳನ್ನು ಹಾಕುತ್ತವೆ. ಹೊಸ ಹುರಿಹಗ್ಗವು ಬೇಕಾದಂತೆ ಬಾಗಿ ಬಳುಕುತ್ತದೆ. ಅದರ ಎಳೆಗಳಿಗೆ ಅಂಟು ಹತ್ತಿ ಒಣಗಿದರೆ ಹಗ್ಗವು ಸೆಟೆದು ಕೋಲಿನಂತಾಗುತ್ತದೆ. ರಕ್ತನಾಳದ ಗೋಡೆಯಲ್ಲಿ ಇಂಥ ಗಂಟುಗಳು ಹೆಚ್ಚಾದಾಗ ಅದರ ಸ್ಥಿತಿಸ್ಥಾಪಕತೆ ಕುಗ್ಗುತ್ತದೆ. ಮೂತ್ರಪಿಂಡಗಳ ಸೂಕ್ಷ್ಮ ಸೋಸುಪಟಲಗಳು, ಕಣ್ಣಿನ ಅಕ್ಷಿಪಟಲ ಮತ್ತು ಮಸೂರ, ನರಗಳು ಇವೂ ಇದರ ಪರಿಣಾಮಕ್ಕೆ ಒಳಗಾಗುತ್ತವೆ. ವಯಸ್ಸಾದಂತೆ ಎಲ್ಲರಲ್ಲಿಯೂ ಈ ವಸ್ತುಗಳು ಸ್ವಲ್ಪಸ್ವಲ್ಪವಾಗಿ ಶೇಖರವಾಗುವುದು ಸಹಜ. ಆದರೆ ಕೆಲವರಲ್ಲಿ ಈ ಶೇಖರಣೆ ಬಹು ಶೀಘ್ರವಾಗಿರುತ್ತದೆ. ಮಿದುಳನ್ನು ಆವರಿಸಿರುವ ಪೊರೆಯ ಕೊಲಾಜೆನ್ನನ್ನು ಪರೀಕ್ಷಿಸಿದ ಅಮೆರಿಕದ ವಿಜ್ಞಾನಿಗಳಾದ ಮೊನ್ಯೇ, ಕೋನ್ ಮತ್ತು ಸೆರಾಮಿ ಎಂಬುವರು, ಮಧುಮೇಹಿಗಳ ಕೊಲಾಜೆನ್ ಅದೇ ವಯಸ್ಸಿನ ಇತರರದಕ್ಕಿಂತ ಹೆಚ್ಚು ಕಂದಾಗಿರುವುದನ್ನು 1984ರಲ್ಲಿ ತೋರಿಸಿಕೊಟ್ಟರು. ಶರೀರದ ಚಯಾಪಚಯ ಕ್ರಿಯೆಗಳಲ್ಲಿ ದೀರ್ಘಕಾಲ ನಡೆದ ಏರುಪೇರು ಹೀಗೆ ಕೊಲಾಜೆನ್ನಿನ ಬಣ್ಣದಲ್ಲಿಯೇ ಕಾಣಿಸಿಕೊಂಡಿತು.

ಬದುಕಿರುವವರ ರಕ್ತನಾಳವನ್ನಾಗಲಿ ಮೂತ್ರಪಿಂಡವನ್ನಾಗಲಿ ಕತ್ತರಿಸಿ ನೋಡುವಂತಿಲ್ಲ. ಆದರೆ ಆ ಅಂಗಗಳಲ್ಲಿರುವ ಕೊಲಾಜೆನ್ ಚರ್ಮದಲ್ಲಿಯೂ ಇದೆ. ಚರ್ಮವಾದರೋ ಹೊರಗೇ ಇದೆ. ಆದಕಾರಣ ಒಳಗಿನ ಸ್ಥಿತಿಯನ್ನು ಊಹಿಸಲು ಚರ್ಮವು ಒಂದು ಕಿಟಕಿಯಾಯಿತು. ಮೊದಮೊದಲು ಸಂಶೋಧಕರು ಚರ್ಮದ ಚಿಕ್ಕ ತುಣುಕನ್ನು ತೆಗೆದು ಪ್ರಯೋಗಶಾಲೆಯಲ್ಲಿ ಪರೀಕ್ಷಿಸುತ್ತಿದ್ದರು. ಇದು ನೋವಿನ ಕೆಲಸ; ಸಾವಿರಾರು ಜನರ ಮೇಲೆ ನಡೆಸುವುದು ಸುಲಭವಲ್ಲ. ಇದಕ್ಕೆ ಪರಿಹಾರವು ಬೆಳಕಿನಿಂದ ದೊರೆಯಿತು.

ಕೆಲವು ವಸ್ತುಗಳ ಮೇಲೆ ನೇರಳಾತೀತ ಕಿರಣಗಳು ಬಿದ್ದಾಗ ಅವು ಆ ಕಿರಣಗಳನ್ನು ಹೀರಿಕೊಂಡು, ಕಣ್ಣಿಗೆ ಕಾಣುವ ಬೇರೊಂದು ಬೆಳಕನ್ನು ಹೊರಸೂಸುತ್ತವೆ. ಇದಕ್ಕೆ ಪ್ರತಿದೀಪ್ತಿ ಎಂದು ಹೆಸರು. ಬ್ಯಾಂಕುಗಳಲ್ಲಿ ನೇರಳಾತೀತ ದೀಪದ ಕೆಳಗೆ ಹಿಡಿದ ನೋಟಿನ ಸಂಖ್ಯೆಗಳು ಹೊಳೆಯುವುದು ಈ ಗುಣದಿಂದಲೇ. ಎ.ಜಿ.ಇ. ವಸ್ತುಗಳಲ್ಲಿಯೂ ಹಲವಕ್ಕೆ ಈ ಗುಣವಿದೆ. ನೆದರ್ಲೆಂಡ್ಸಿನ ಉತ್ತರ ಭಾಗದಲ್ಲಿರುವ ಗ್ರೋನಿಂಗೆನ್ ನಗರದ ಸಂಶೋಧಕರು ಇದನ್ನು ಬಳಸಿಕೊಂಡು ಒಂದು ಉಪಕರಣವನ್ನು ರೂಪಿಸಿ, ಅದರ ವಿವರಗಳನ್ನು 2004ರಲ್ಲಿ ಪ್ರಕಟಿಸಿದರು. ಪರೀಕ್ಷೆಗೆ ಬಂದವನು ಮುಂಗೈಯ ಒಳಬದಿಯನ್ನು ಉಪಕರಣದ ಮೇಲೆ ಇಟ್ಟರೆ ಸಾಕು. ಒಂದು ಸಣ್ಣ ಕಿಂಡಿಯಿಂದ 300ರಿಂದ 420 ನ್ಯಾನೊಮೀಟರ್ ತರಂಗದೂರದ ಬೆಳಕು ಚರ್ಮದ ಮೇಲೆ ಬೀಳುತ್ತದೆ. ಚರ್ಮವು ಮರಳಿ ಸೂಸುವ 420ರಿಂದ 600 ನ್ಯಾನೊಮೀಟರ್ ಬೆಳಕನ್ನು ಉಪಕರಣವು ಅಳೆಯುತ್ತದೆ. ಸೂಜಿ ಚುಚ್ಚಬೇಕಾಗಿಲ್ಲ, ರಕ್ತ ತೆಗೆಯಬೇಕಾಗಿಲ್ಲ. ಒಂದು ನಿಮಿಷದೊಳಗೆ ಅಳತೆ ಮುಗಿಯುತ್ತದೆ. ಚರ್ಮದ ಹೊಳಪು ಹೆಚ್ಚಿದ್ದಷ್ಟೂ ಅದರಲ್ಲಿ ಎ.ಜಿ.ಇ. ಹೆಚ್ಚಿದೆಯೆಂದು ಭಾವಿಸಲಾಗುತ್ತದೆ.

ಇನ್ನು ಈ ಉಪಕರಣವು ಧೂಮಪಾನದ ಬಗ್ಗೆ ಏನನ್ನು ತಿಳಿಸಿತೆಂಬುದನ್ನು ನೋಡೋಣ. ಆರೋಗ್ಯವಂತರಾದ ಶ್ವೇತವರ್ಣೀಯರನ್ನು ಪರೀಕ್ಷಿಸಿದ ಒಂದು ಅಧ್ಯಯನವು 2010ರಲ್ಲಿ ಪ್ರಕಟವಾಯಿತು. ಅವರಲ್ಲಿ ಚರ್ಮದ ಪ್ರತಿದೀಪ್ತಿಯು ವರ್ಷವೊಂದಕ್ಕೆ ಸರಾಸರಿ 0.023 ಮಾನದಂತೆ ಏರುತ್ತಿತ್ತು. ಧೂಮಪಾನಿಗಳಲ್ಲಿ ಅದು ಇತರರಿಗಿಂತ ಸರಾಸರಿ 0.16 ಮಾನ ಹೆಚ್ಚಾಗಿತ್ತು. ಈ ಎರಡು ಅಂಕಿಗಳನ್ನು ಹೋಲಿಸಿ ನೋಡಬೇಕು. 0.16ನ್ನು 0.023ರಿಂದ ಭಾಗಿಸಿದರೆ ಸುಮಾರು 7 ಬರುತ್ತದೆ. ಎಂದರೆ 40 ವರ್ಷದ ಧೂಮಪಾನಿಯ ಚರ್ಮವು ಸರಾಸರಿಯಲ್ಲಿ, ಧೂಮಪಾನ ಮಾಡದ 47 ವರ್ಷದವನ ಚರ್ಮದಷ್ಟು ಹೊಳೆಯುತ್ತದೆ. ಅವನು ತನ್ನ ಜನ್ಮದಿನದಿಂದ 40 ವರ್ಷಗಳನ್ನು ಎಣಿಸಿದರೂ ಅವನ ಕೊಲಾಜೆನ್ ಇನ್ನೂ 7 ವರ್ಷಗಳನ್ನು ಕೂಡಿಸಿ ಎಣಿಸಿರುತ್ತದೆ.

ಹೊಗೆಯು ಸೇರುವುದು ಶ್ವಾಸಕೋಶಕ್ಕೆ. ಗುರುತು ಮೂಡುವುದು ಮುಂಗೈಯಲ್ಲಿ. ಇದು ಹೇಗೆ ಸಾಧ್ಯ? ಇದಕ್ಕೆ ಉತ್ತರವು ಹೊಗೆಸೊಪ್ಪಿನಿಂದಲೇ ಆರಂಭವಾಗುತ್ತದೆ. ಸಿಗರೇಟಿಗೆ ಬಳಸುವ ಹೊಗೆಸೊಪ್ಪನ್ನು ಕರ್ನಾಟಕದಲ್ಲಿ ಮುಖ್ಯವಾಗಿ ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ ಮೊದಲಾದ ತಾಲ್ಲೂಕುಗಳಲ್ಲಿ ಬೆಳೆಯುತ್ತಾರೆ. ಅಲ್ಲಿನ ರೈತರು ಹಸಿ ಎಲೆಗಳನ್ನು ಬ್ಯಾರನ್ ಎಂದು ಕರೆಯುವ ಮುಚ್ಚಿದ ಕಟ್ಟಡದಲ್ಲಿ ತೂಗುಹಾಕಿ, ಒಲೆಯ ಕಾವನ್ನು ಕೊಳವೆಗಳ ಮೂಲಕ ಹಾಯಿಸಿ, ಕೆಲವು ದಿನಗಳ ಕಾಲ ಹದಗೊಳಿಸುತ್ತಾರೆ. ಎಲೆಯಲ್ಲಿದ್ದ ಪಿಷ್ಟವು ಆಗ ಸಕ್ಕರೆಯಾಗಿ ಮಾರ್ಪಡುತ್ತದೆ. ಆ ಸಕ್ಕರೆಯೂ ಎಲೆಯಲ್ಲಿರುವ ಅಮೈನೋ ಆಮ್ಲಗಳೂ ಕೂಡಿ ಮಯಾರ್ ಕ್ರಿಯೆಗೆ ತೊಡಗುತ್ತವೆ. ಹೀಗೆ ಕಾವಲಿಯ ಮೇಲಿನ ದೋಸೆಯಲ್ಲಿ ನಡೆಯುವ ಕ್ರಿಯೆಯೇ ಹೊಗೆಸೊಪ್ಪಿನಲ್ಲಿಯೂ ನಡೆದು, ಅದರ ಫಲಗಳು ಎಲೆಯಲ್ಲಿ ಉಳಿಯುತ್ತವೆ. ಸಿಗರೇಟನ್ನು ಸೇದಿದಾಗ ಅದರ ತುದಿಯ ಕೆಂಡದ ಉಷ್ಣತೆ 800 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರುತ್ತದೆ. ಆ ಬೇಗೆಯಲ್ಲಿ, ಪ್ರೋಟೀನುಗಳಿಗೆ ಥಟ್ಟನೆ ಅಂಟಿಕೊಳ್ಳಬಲ್ಲ ಚುರುಕಾದ ವಸ್ತುಗಳು ಹೊಗೆಯೊಡನೆ ಶ್ವಾಸಕೋಶವನ್ನು ಸೇರುತ್ತವೆ. ಅಲ್ಲಿಂದ ರಕ್ತಕ್ಕೆ ಇಳಿಯುತ್ತವೆ. ಹೊಗೆಸೊಪ್ಪಿನ ಸಾರದಲ್ಲಿಯೂ ಅದರ ಹೊಗೆಯಲ್ಲಿಯೂ ಇಂಥ ವಸ್ತುಗಳಿರುವುದನ್ನೂ, ಧೂಮಪಾನಿಗಳ ರಕ್ತದಲ್ಲಿ ಎ.ಜಿ.ಇ. ಹೆಚ್ಚಾಗಿರುವುದನ್ನೂ ಸೆರಾಮಿ ಮತ್ತು ಅವರ ಸಹೋದ್ಯೋಗಿಗಳು 1997ರಲ್ಲಿ ತೋರಿಸಿದರು.

ಎರಡನೆಯ ಕಾರಣವೂ ಒಂದುಂಟು. ಹೊಗೆಯಲ್ಲಿ ಸ್ವತಂತ್ರ ರ್ಯಾಡಿಕಲ್‌ಗಳೆಂಬ ಅಸ್ಥಿರ ಕಣಗಳು ಅಪಾರ ಸಂಖ್ಯೆಯಲ್ಲಿರುತ್ತವೆ. ಅವು ಶರೀರದಲ್ಲಿ ಉತ್ಕರ್ಷಣ ಕ್ರಿಯೆಗಳನ್ನು ಪ್ರಚೋದಿಸುತ್ತವೆ. ಈ ಉತ್ಕರ್ಷಣವು ದೇಹದ ಸಕ್ಕರೆ ಮತ್ತು ಕೊಬ್ಬುಗಳಿಂದಲೇ ಎ.ಜಿ.ಇ. ಹುಟ್ಟುವುದಕ್ಕೆ ಸಹಾಯಕವಾಗುತ್ತದೆ. ಇವೆರಡರ ಜೊತೆಗೆ ಮೂರನೆಯದೊಂದು ಸೇರಿಕೊಳ್ಳುತ್ತದೆ. ಧೂಮಪಾನಿಗಳಿಗೆ ಮಧುಮೇಹ ಬರುವ ಸಂಭವವು ಇತರರಿಗಿಂತ ಶೇಕಡಾ 30ರಿಂದ 40ರಷ್ಟು ಹೆಚ್ಚೆಂದು ಅಮೆರಿಕದ ಸರ್ಜನ್ ಜನರಲ್ ಅವರ 2014ರ ವರದಿಯು ತಿಳಿಸುತ್ತದೆ. ಮಧುಮೇಹ ಬಂದರೆ ರಕ್ತದ ಸಕ್ಕರೆ ಏರಿ, ಎ.ಜಿ.ಇ. ಶೇಖರಣೆ ಮತ್ತಷ್ಟು ತೀವ್ರವಾಗುತ್ತದೆ. ಹೊಗೆಯು ತಾನೂ ಹಾನಿಯನ್ನು ಮಾಡಿ, ಹಾನಿ ಮಾಡುವ ಮತ್ತೊಂದು ರೋಗಕ್ಕೂ ಬಾಗಿಲು ತೆರೆಯುತ್ತದೆ.

ಈ ಹಾನಿ ಚರ್ಮಕ್ಕೆ ಮಾತ್ರ ಸೀಮಿತವಲ್ಲ. ಧೂಮಪಾನಿಗಳ ಕಣ್ಣಿನ ಮಸೂರದಲ್ಲಿಯೂ ರಕ್ತನಾಳಗಳಲ್ಲಿಯೂ ಎ.ಜಿ.ಇ. ಅಧಿಕವಾಗಿರುವುದು 1998ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಿಂದ ತಿಳಿದುಬಂದಿದೆ. ಕಣ್ಣಿನ ಪೊರೆ, ಹೃದ್ರೋಗ, ಪಾರ್ಶ್ವವಾಯು ಇವು ಧೂಮಪಾನಿಗಳನ್ನು ಹೆಚ್ಚಾಗಿ ಕಾಡುವುದಕ್ಕೆ ಇರುವ ಹಲವು ಕಾರಣಗಳಲ್ಲಿ ಇದೂ ಒಂದಾಗಿರಬಹುದು. ಮುಂಗೈಯ ಚರ್ಮದಲ್ಲಿ ಕಾಣುವ ಹೊಳಪು, ಕಣ್ಣಿಗೆ ಕಾಣದ ಈ ಒಳಗಿನ ಬದಲಾವಣೆಗಳ ಸೂಚಕವಾದ್ದರಿಂದಲೇ ವೈದ್ಯವಿಜ್ಞಾನವು ಅದಕ್ಕೆ ಬೆಲೆ ಕೊಡುತ್ತದೆ.

ಧೂಮಪಾನವು ಚರ್ಮದ ಮೇಲೆ ಬರಿಗಣ್ಣಿಗೆ ಕಾಣುವ ಗುರುತುಗಳನ್ನೂ ಮೂಡಿಸುತ್ತದೆ. ಹ್ಯಾರಿ ಡೇನಿಯೆಲ್ ಎಂಬ ಅಮೆರಿಕದ ವೈದ್ಯರು 1971ರಲ್ಲಿಯೇ ಧೂಮಪಾನಕ್ಕೂ ಮುಖದ ಸುಕ್ಕುಗಳಿಗೂ ಸಂಬಂಧವಿರುವುದನ್ನು ಪ್ರಕಟಿಸಿದ್ದರು. ಹೊಗೆಯಲ್ಲಿರುವ ನಿಕೋಟಿನ್ ಚರ್ಮದ ಸೂಕ್ಷ್ಮ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ಕೊಲಾಜೆನ್ನನ್ನು ಕತ್ತರಿಸುವ ಒಂದು ಕಿಣ್ವವು ಧೂಮಪಾನಿಗಳ ಚರ್ಮದಲ್ಲಿ ಹೆಚ್ಚಾಗಿ ಉತ್ಪತ್ತಿಯಾಗುತ್ತದೆ. ಆದರೆ ಸುಕ್ಕುಗಳು ಮೂಡುವ ವೇಳೆಗೆ ಮನುಷ್ಯನು ನಡುವಯಸ್ಸಿನ ಹತ್ತಿರ ಬಂದಿರುತ್ತಾನೆ. ಒಳಗಿನ ಶೇಖರಣೆಯು ಅದಕ್ಕಿಂತ ಎಷ್ಟೋ ವರ್ಷ ಮೊದಲೇ ಆರಂಭವಾಗಿರುತ್ತದೆ ಎಂಬುದನ್ನು ಮರೆಯಬಾರದು.

ಯಾವ ಅಳತೆಗೂ ತನ್ನದೇ ಆದ ಮಿತಿಯಿರುತ್ತದೆ. ಈ ಉಪಕರಣವೂ ಅದಕ್ಕೆ ಹೊರತಲ್ಲ. ಕಪ್ಪು ಅಥವಾ ಗಾಢ ಕಂದು ಬಣ್ಣದ ಚರ್ಮದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯವು ಬೆಳಕನ್ನು ಹೀರಿಕೊಳ್ಳುವುದರಿಂದ ಅಂಥವರಲ್ಲಿ ಅಳತೆಯು ಅಷ್ಟು ನಿಖರವಾಗಿರುವುದಿಲ್ಲ. ಆದ್ದರಿಂದ ಯೂರೋಪಿನ ಜನರಿಂದ ದೊರೆತ ಅಂಕಿಗಳನ್ನು ಭಾರತೀಯರಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಚರ್ಮಕ್ಕೆ ಹಚ್ಚಿದ ಲೇಪನಗಳು ಕೂಡ ಅಳತೆಯನ್ನು ಏರುಪೇರು ಮಾಡಬಲ್ಲವು. ಚರ್ಮದಲ್ಲಿ ಹೊಳೆಯುವುದೆಲ್ಲವೂ ಎ.ಜಿ.ಇ. ಅಲ್ಲ, ಬೇರೆ ವಸ್ತುಗಳೂ ಸ್ವಲ್ಪಮಟ್ಟಿಗೆ ಹೊಳೆಯುತ್ತವೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಸರಾಸರಿ ಎಂಬುದು ಗುಂಪಿನ ಮಾತು; ಒಬ್ಬ ವ್ಯಕ್ತಿಯ ಭವಿಷ್ಯವನ್ನು ಅದೊಂದರಿಂದಲೇ ನಿರ್ಣಯಿಸಲಾಗದು.

ಇಷ್ಟು ಎಚ್ಚರಿಕೆಯಿಂದ ನೋಡಿದರೂ ಈ ಅಳತೆಗೆ ಅರ್ಥವಿದೆಯೆಂಬುದು ದೊಡ್ಡ ಪ್ರಮಾಣದ ಅಧ್ಯಯನಗಳಿಂದ ಖಚಿತವಾಗಿದೆ. ಉತ್ತರ ನೆದರ್ಲೆಂಡ್ಸಿನ ನಿವಾಸಿಗಳ ಆರೋಗ್ಯವನ್ನು ದೀರ್ಘಕಾಲ ಗಮನಿಸುವ ಲೈಫ್‌ಲೈನ್ಸ್ ಎಂಬ ಯೋಜನೆಯಲ್ಲಿ, ಮಧುಮೇಹವಾಗಲಿ ಹೃದಯ ಹಾಗೂ ರಕ್ತನಾಳಗಳ ರೋಗವಾಗಲಿ ಇಲ್ಲದ 72,880 ಜನರ ಚರ್ಮವನ್ನು ಅಳೆದು, ಸುಮಾರು 4 ವರ್ಷಗಳ ಬಳಿಕ ಅವರ ಸ್ಥಿತಿಯನ್ನು ಪರಿಶೀಲಿಸಲಾಯಿತು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಚರ್ಮದ ಪ್ರತಿದೀಪ್ತಿ ಹೆಚ್ಚಾಗಿದ್ದವರಲ್ಲಿ ಮಧುಮೇಹ, ಹೃದ್ರೋಗ ಮತ್ತು ಮರಣ ಈ ಮೂರರ ಸಂಭವವೂ ಹೆಚ್ಚಾಗಿತ್ತು. ವಯಸ್ಸು, ತೂಕ, ಧೂಮಪಾನ ಮೊದಲಾದ ಇತರ ಕಾರಣಗಳನ್ನು ಗಣನೆಗೆ ತೆಗೆದುಕೊಂಡ ಮೇಲೆಯೂ ಈ ಸಂಬಂಧವು ಅಳಿಯಲಿಲ್ಲ. ಚರ್ಮವು ನುಡಿದ ಸಾಕ್ಷ್ಯವು ಸುಳ್ಳಾಗಲಿಲ್ಲ.

ಇದೇ ಯೋಜನೆಯಿಂದ 2017ರಲ್ಲಿ ಹೊರಬಂದ ಮತ್ತೊಂದು ಅಧ್ಯಯನದಲ್ಲಿ ಒಂದು ಆತಂಕದ ಸಂಗತಿಯೂ ಒಂದು ಭರವಸೆಯ ಸಂಗತಿಯೂ ಇವೆ. ತಾವು ಸೇದದಿದ್ದರೂ ಇತರರು ಸೇದಿ ಬಿಟ್ಟ ಹೊಗೆಯನ್ನು ಉಸಿರಾಡುವವರ ಚರ್ಮದಲ್ಲಿಯೂ ಅದರ ಪರಿಣಾಮ ಕಂಡುಬಂತೆಂಬುದು ಮೊದಲನೆಯದು. ಮನೆಯ ಹಿರಿಯನೊಬ್ಬನು ಜಗುಲಿಯ ಮೇಲೆ ಕುಳಿತು ಸೇದಿದರೆ, ಅದರ ಲೆಕ್ಕವು ಪಕ್ಕದಲ್ಲಿ ಆಡುತ್ತಿರುವ ಮಗುವಿನ ಹೆಸರಿಗೂ ಬೀಳುತ್ತದೆ. ಧೂಮಪಾನವನ್ನು ತ್ಯಜಿಸಿದವರಲ್ಲಿ ವರ್ಷಗಳು ಕಳೆದಂತೆ ಈ ಹೆಚ್ಚಳವು ಕಡಮೆಯಾಗುತ್ತ ಬಂದಿತೆಂಬುದು ಎರಡನೆಯದು. ಸೇದುವುದನ್ನು ಬಿಟ್ಟು ಸುಮಾರು 15 ವರ್ಷಗಳಾದವರ ಅಳತೆಯು ಎಂದೂ ಸೇದದವರ ಅಳತೆಗೆ ಸಮನಾಗಿತ್ತು. ಕೊಲಾಜೆನ್ ದೀರ್ಘಾಯುವಾದುದರಿಂದ ದೇಹವು ಈ ಸಾಲವನ್ನು ಬೇಗನೆ ತೀರಿಸಲಾರದು, ಆದರೂ ತೀರಿಸುತ್ತದೆ. ಎಷ್ಟು ಬೇಗ ಬಿಟ್ಟರೆ ಅಷ್ಟು ಬೇಗ ಆ ಕಾರ್ಯ ಆರಂಭವಾಗುತ್ತದೆ. ಬಹುಕಾಲ ಸೇದಿದವರು, ‘ಆಗಬೇಕಾದ ಹಾನಿ ಆಗಿಹೋಯಿತು, ಇನ್ನು ಬಿಟ್ಟು ಏನು ಫಲ?’ ಎಂದು ಕೇಳುವುದುಂಟು. ಅವರಿಗೆ ಅವರ ಮುಂಗೈಯ ಚರ್ಮವೇ ಉತ್ತರ ಹೇಳುತ್ತದೆ.

ಬೀಡಿಯು ಸಿಗರೇಟಿಗಿಂತ ಸೌಮ್ಯವಾದುದೆಂದೂ, ದಿನಕ್ಕೆ ಒಂದೆರಡು ಸೇದಿದರೆ ಬಾಧಕವಿಲ್ಲವೆಂದೂ ನಂಬಿದವರಿದ್ದಾರೆ. ಬೀಡಿಯಲ್ಲಿ ಉರಿಯುವುದೂ ಹೊಗೆಸೊಪ್ಪೇ. ಅದರ ಹೊಗೆಯೂ ರಕ್ತನಾಳಗಳಿಗೆ ಕೇಡನ್ನು ಮಾಡುತ್ತದೆ. ಹನಿಹನಿ ಕೂಡಿ ಹಳ್ಳವೆಂಬ ಗಾದೆಯು ಒಳ್ಳೆಯದಕ್ಕೆ ಸಲ್ಲುವಂತೆ ಕೆಡುಕಿಗೂ ಸಲ್ಲುತ್ತದೆ. ಎ.ಜಿ.ಇ. ಶೇಖರವಾಗುವ ರೀತಿಯೇ ಹನಿಹನಿಯಾಗಿ. ಒಂದು ಸಿಗರೇಟಿನಿಂದ ನೋವಾಗುವುದಿಲ್ಲ, ಗಾಯವಾಗುವುದಿಲ್ಲ, ಕನ್ನಡಿಯಲ್ಲಿ ಯಾವ ಬದಲಾವಣೆಯೂ ಕಾಣುವುದಿಲ್ಲ. ತರುಣರು ಮೋಸಹೋಗುವುದು ಇಲ್ಲಿಯೇ.

ಧೂಮಪಾನಿಗಳಲ್ಲಿ ಬಹುಮಂದಿ ಆ ಅಭ್ಯಾಸವನ್ನು ಎಳೆಯ ವಯಸ್ಸಿನಲ್ಲಿ, ಗೆಳೆಯರ ಒತ್ತಾಯಕ್ಕೋ ಕುತೂಹಲಕ್ಕೋ ಒಳಗಾಗಿ ಆರಂಭಿಸಿದವರು. ನಿಕೋಟಿನ್ ಮನಸ್ಸನ್ನು ಬೇಗನೆ ಬಂಧಿಸುವುದರಿಂದ, ಆಟಕ್ಕೆಂದು ಹಿಡಿದದ್ದನ್ನು ಬಿಡುವುದು ಕಷ್ಟವಾಗುತ್ತದೆ. ಈ ಕಾರಣದಿಂದಲೇ ಭಾರತದಲ್ಲಿ 2003ರ ಕಾಯಿದೆಯು 18 ವರ್ಷ ತುಂಬದವರಿಗೆ ಹೊಗೆಸೊಪ್ಪಿನ ಪದಾರ್ಥಗಳನ್ನು ಮಾರುವುದನ್ನು ನಿಷೇಧಿಸಿತು. ಕರ್ನಾಟಕವು ಆ ಕಾಯಿದೆಗೆ ತಿದ್ದುಪಡಿ ತಂದು, 2025ರಲ್ಲಿ ಈ ಮಿತಿಯನ್ನು 21 ವರ್ಷಗಳಿಗೆ ಏರಿಸಿತು. ಕಾಯಿದೆಯು ಅಂಗಡಿಯವನ ಕೈಯನ್ನು ತಡೆಯಬಹುದು. ಸೇದುವವನ ಕೈಯನ್ನು ಅವನ ವಿವೇಕವೇ ತಡೆಯಬೇಕು.

ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ದೇಹವು ಇನ್ನೂ ಬೆಳೆಯುತ್ತಿರುತ್ತದೆ. ಆಗ ಚರ್ಮದಲ್ಲಿ ನೆಲೆಗೊಂಡ ಕೊಲಾಜೆನ್ನಿನಲ್ಲಿ ಒಂದು ಭಾಗವು ಮೂವತ್ತು ನಲವತ್ತರ ವಯಸ್ಸಿನವರೆಗೂ ಆ ಮನುಷ್ಯನ ಜೊತೆಯಲ್ಲಿಯೇ ಉಳಿದಿರುತ್ತದೆ. ಆ ದಿನಗಳಲ್ಲಿ ಅದಕ್ಕೆ ಏನು ಅಂಟಿಕೊಂಡಿತೋ ಅದೂ ಬಹುಕಾಲ ಜೊತೆಗಿರುತ್ತದೆ. ಮನುಷ್ಯನು ತಾನು ಮಾಡಿದ್ದನ್ನು ಇತರರಿಂದ ಮರೆಮಾಚಬಹುದು, ಕಾಲಾಂತರದಲ್ಲಿ ತಾನೂ ಮರೆಯಬಹುದು. ಆದರೆ ಅವನ ಚರ್ಮವು ಮರೆಯುವುದಿಲ್ಲ; ಬೆಳಕು ಬಿದ್ದಾಗ ಅದು ಉಳ್ಳದ್ದನ್ನು ಉಳ್ಳಂತೆಯೇ ಹೇಳುತ್ತದೆ.